ಜನ ಮೆಚ್ಚಿದ ಹಾಡನ್ನೇ ಹಾಡುತ್ತಾ ಇರಬೇಕಾ? ನೀಲ್ ಯಂಗ್ ದಾರಿ ಬಿಟ್ಟು ಇಳಿದ ಕಥೆ

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು, ವಯಸ್ಸು 24. ಗಿಟಾರ್ ಹಿಡಿದು ಕನ್ನಡದಲ್ಲಿ ಹಾಡು ಬರೆದು ಹಾಡುತ್ತೇನೆ. ಮುಳುಗಡೆಯಲ್ಲಿ ಹೋದ ನಮ್ಮ ಅಜ್ಜಿ ಮನೆ ಬಗ್ಗೆ ಬರೆದ ಒಂದು ಹಾಡು ಜನರಿಗೆ ತುಂಬಾ ಹಿಡಿಸಿತು. ಈಗ ಎಲ್ಲಿ ಹೋದರೂ ಅದನ್ನೇ ಕೇಳುತ್ತಾರೆ, ಅಂಥದ್ದೇ ಇನ್ನೊಂದು ಮಾಡು ಅನ್ನುತ್ತಾರೆ. ನನಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಜೋರಾಗಿ ನುಡಿಸುವ ಆಸೆ. ಅಪ್ಪ ಮಾತ್ರ "ನಿನ್ನ ಕಾಲಿಗೆ ಚಕ್ರ ಕಟ್ಟೈತಿ, ಒಂದರಾಗ ನಿಲ್ಲಂಗಿಲ್ಲ" ಅನ್ನುತ್ತಾರೆ. ಕೆನಡಾದ ರಾಕ್ ಗಾಯಕ ನೀಲ್ ಯಂಗ್ ಕೂಡ ಹೀಗೇ ಇದ್ದರಂತೆ. ಅವರ ಜೀವನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೀರಾ? ಆ ಚಂಚಲತೆ ಅವರನ್ನು ಉಳಿಸಿತೋ, ಕೆಡಿಸಿತೋ?

ಉತ್ತರ: ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡವರು ಅಂದರೆ ನೀಲ್ ಯಂಗ್ ಅವರೇ, ಅದರಲ್ಲಿ ಎರಡು ಮಾತಿಲ್ಲ. ಅರವತ್ತು ವರ್ಷದಲ್ಲಿ ಅವರು ಮೆಲುದನಿಯ ಹಾಡು ಹಾಡಿದರು, ಕಿವಿ ಗಡಚಿಕ್ಕುವ ರಾಕ್ ನುಡಿಸಿದರು, ಕಂಪ್ಯೂಟರ್ ದನಿಯಲ್ಲಿ ಹಾಡಿದರು, ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಮಾಡಿದರು, ತುತ್ತೂರಿ, ಸ್ಯಾಕ್ಸೋಫೋನ್ ಗುಂಪು ಕಟ್ಟಿಕೊಂಡು ಅಲ್ಲಿನ ಕಪ್ಪು ಜನರ ಬ್ಲೂಸ್ ಸಂಗೀತ ಮಾಡಿದರು. ಒಂದು ಆಲ್ಬಮ್ ಮೆಚ್ಚಿದವರು ಮುಂದಿನದನ್ನು ಕೇಳಿ ತಲೆ ಕೆರೆದುಕೊಂಡಿದ್ದೇ ಜಾಸ್ತಿ.

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಇಪ್ಪತ್ತು ವರ್ಷದಿಂದ ಗಿಟಾರ್ ಕಲಿಸುತ್ತಿದ್ದೇನೆ. ನೀಲ್ ಯಂಗ್ ಹಾಡು ಕೇಳುತ್ತಾ ಮೂವತ್ತು ವರ್ಷವೇ ಆಯಿತು. ಇಷ್ಟು ದಿನ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಅವರು ಹಾಡಿನ ರೀತಿಯನ್ನು ಪದೇ ಪದೇ ಬದಲಾಯಿಸಿದರು, ಆದರೆ ಗಿಟಾರ್ ಅದೇ, ಜೊತೆಗಾರರು ಹೆಚ್ಚುಕಡಿಮೆ ಅವರೇ, ಕೆಲಸ ಮಾಡುವ ಕ್ರಮವೂ ಅದೇ. ಮತ್ತೆ ಪ್ರತಿ ಸಲ ತಿರುಗಿದಾಗಲೂ ಹಿಂದೆ ಒಂದು ಕಾರಣ ಇತ್ತು. ಆ ಕಾರಣಗಳನ್ನೇ ಹೇಳುತ್ತೇನೆ, ಉಳಿದದ್ದು ನಿಮಗೇ ಗೊತ್ತಾಗುತ್ತದೆ.

ಹುಟ್ಟಿದ್ದು 1945ರ ನವೆಂಬರ್ 12, ಕೆನಡಾದ ಟೊರಾಂಟೊ. ತಂದೆ ಸ್ಕಾಟ್ ಯಂಗ್ ಪತ್ರಕರ್ತರು, ಆಟೋಟದ ಬಗ್ಗೆ ಬರೆದು ಹೆಸರು ಮಾಡಿದವರು. 1951ರಲ್ಲಿ, ಹುಡುಗನಿಗೆ ಇನ್ನೂ ಆರು ತುಂಬಿರಲಿಲ್ಲ, ಪೋಲಿಯೊ ಬಡಿಯಿತು. ಲಸಿಕೆ ಬಂದಿದ್ದು 1955ರಲ್ಲಿ, ಅಂದರೆ ಆಗ ಮದ್ದೇ ಇರಲಿಲ್ಲ. ಜೀವ ಉಳಿಯಿತು, ಮೈಯ ಎಡಭಾಗಕ್ಕೆ ಬಲ ಕಡಿಮೆಯಾಯಿತು. ಗಿಟಾರ್ ನುಡಿಸುವವರಿಗೆ ಎಡಗೈ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಆಮೇಲೆ ಸಕ್ಕರೆ ಕಾಯಿಲೆ, ಹರೆಯದಲ್ಲಿ ಮೂರ್ಛೆರೋಗ. ಅಪ್ಪ ಅಮ್ಮ ಬೇರೆಯಾದರು, ಹುಡುಗ ಅಮ್ಮನ ಜೊತೆ ವಿನ್ನಿಪೆಗ್‌ಗೆ ಹೋದ. ಶಾಲೆ ಅರ್ಧಕ್ಕೆ ಬಿಟ್ಟ. 'ಸ್ಕ್ವೈರ್ಸ್' ಅಂತ ಒಂದು ಬ್ಯಾಂಡ್ ಕಟ್ಟಿದ.

ಆ ಬ್ಯಾಂಡಿಗೆ ಓಡಾಡಲು ಕೊಂಡಿದ್ದು ಏನು ಗೊತ್ತಾ? ಹಳೇ ಶವವಾಹನ, 1948ರ ಬ್ಯೂಕ್. ಜನ ಇದನ್ನು ಹುಚ್ಚಾಟ ಅಂದುಕೊಳ್ಳುತ್ತಾರೆ, ಆದರೆ ಯೋಚನೆ ಮಾಡಿ ನೋಡಿ. ಶವಪೆಟ್ಟಿಗೆ ಸರಿಸಲು ಅದರೊಳಗೆ ಉರುಳೆಗಳಿದ್ದವು. ಭಾರದ ಆಂಪ್ಲಿಫೈಯರ್ ಅದರ ಮೇಲಿಟ್ಟರೆ ಸಲೀಸಾಗಿ ಜಾರಿಕೊಂಡು ಹೊರಗೆ ಬರುತ್ತಿತ್ತು. ಎಡಭಾಗ ಸೋತ ಹುಡುಗನಿಗೆ ಸಾಮಾನು ಎತ್ತುವ ಕಷ್ಟ ತಪ್ಪಿತು ಅಂತ ನಾನು ಅಂದುಕೊಳ್ಳುತ್ತೇನೆ. ಆ ಬಂಡಿ 1965ರಲ್ಲಿ ನಡುದಾರಿಯಲ್ಲಿ ಕೆಟ್ಟು ನಿಂತಿತು. ಮರುವರ್ಷ ಇನ್ನೊಂದು ಶವವಾಹನ ಕೊಂಡು, ಗೆಳೆಯ ಬ್ರೂಸ್ ಪಾಮರ್ ಜೊತೆ ಕೆನಡಾ ಬಿಟ್ಟು ಲಾಸ್ ಏಂಜಲೀಸ್ ತನಕ ಓಡಿಸಿಕೊಂಡು ಹೋದರು.

ಅಲ್ಲಿ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ ಟ್ರಾಫಿಕ್ ಜಾಮ್. ಹಿಂದೆ ಕೆನಡಾದಲ್ಲಿ ಯಂಗ್ ಅವರನ್ನು ಭೇಟಿ ಮಾಡಿದ್ದ ಗಾಯಕ ಸ್ಟೀಫನ್ ಸ್ಟಿಲ್ಸ್ ಅದೇ ಜಾಮ್‌ನಲ್ಲಿ ಸಿಕ್ಕಿಕೊಂಡಿದ್ದರು. ಕೆನಡಾದ ನಂಬರ್ ಪ್ಲೇಟಿನ ಶವವಾಹನ ಕಂಡಾಗ ಇದು ಅವನೇ ಇರಬೇಕು ಅಂತ ಹೊಳೆಯಿತು. ಹಾಗೆ ಹುಟ್ಟಿದ ಬ್ಯಾಂಡ್ 'ಬಫಲೊ ಸ್ಪ್ರಿಂಗ್‌ಫೀಲ್ಡ್'. ಆ ಹೆಸರು ರಸ್ತೆಬದಿ ನಿಂತಿದ್ದ ರೋಡ್ ರೋಲರ್ ಮೇಲಿತ್ತು, ಅದನ್ನೇ ಇಟ್ಟುಕೊಂಡರು.

ಎರಡೇ ವರ್ಷದಲ್ಲಿ ಆ ಬ್ಯಾಂಡ್ ಮುರಿಯಿತು. ಅಷ್ಟರಲ್ಲಿ ಯಂಗ್ ಹಲವು ಸಲ ಬಿಟ್ಟು ಹೋಗಿ ಹಲವು ಸಲ ವಾಪಸ್ ಬಂದಿದ್ದರು. 1967ರ ಮಾಂಟೆರೆ ಸಂಗೀತ ಉತ್ಸವಕ್ಕೆ ಬರಲೇ ಇಲ್ಲ, ಅವರ ಜಾಗದಲ್ಲಿ ಇನ್ನೊಬ್ಬ ಗಾಯಕ ಡೇವಿಡ್ ಕ್ರಾಸ್ಬಿ ನಿಂತು ನುಡಿಸಿದರು. ಇಲ್ಲಿ ನಾನು ಅವರ ಪರ ವಾದ ಮಾಡುವುದಿಲ್ಲ. ಜೊತೆಗಾರರನ್ನು ಕೈಬಿಟ್ಟು ಹೋಗುವುದು ತಪ್ಪು. 1976ರಲ್ಲೂ ಹಾಗೇ ಮಾಡಿದರು. ಸ್ಟಿಲ್ಸ್ ಜೊತೆ ಊರೂರು ಸುತ್ತುತ್ತಿದ್ದಾಗ ಮಧ್ಯದಲ್ಲೇ ಎದ್ದು ಹೋಗಿ ಒಂದು ತಂತಿ ಸಂದೇಶ ಕಳಿಸಿದರು: ಕೆಲವು ತಾವಾಗಿ ಶುರುವಾಗುತ್ತವೆ, ಹಾಗೇ ಮುಗಿಯುತ್ತವೆ ಅಂತ. ಸ್ಟಿಲ್ಸ್‌ಗೆ ಎಷ್ಟು ನೋವಾಗಿರಬೇಕು! ನಿಮ್ಮ ಬ್ಯಾಂಡಿನಲ್ಲಿ ಯಾರಾದರೂ ಇದ್ದರೆ, ಹೋಗುವುದಿದ್ದರೂ ಕೂತು ಮಾತಾಡಿ ಹೋಗಿ.

ಈಗ ನಿಮ್ಮ ಪ್ರಶ್ನೆಗೆ ಹತ್ತಿರದ ಭಾಗಕ್ಕೆ ಬರುತ್ತೇನೆ. 1969ರಲ್ಲಿ 'ಕ್ರೇಜಿ ಹಾರ್ಸ್' ಅನ್ನುವ ಬ್ಯಾಂಡ್ ಜೊತೆಯಾಯಿತು. ಡ್ಯಾನಿ ವಿಟನ್ ಗಿಟಾರ್, ಬಿಲ್ಲಿ ಟಾಲ್ಬಟ್ ಬೇಸ್, ರಾಲ್ಫ್ ಮೊಲಿನಾ ಡ್ರಮ್ಸ್. ಇವರು ಚುರುಕು ಕೈಯವರಲ್ಲ. ನಾಲ್ಕೈದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ) ಹಿಡಿದು, ಮಂದಗತಿಯಲ್ಲಿ, ಹೊಲದಲ್ಲಿ ಜೋಡೆತ್ತು ನಡೆದಂತೆ ನುಡಿಸುತ್ತಾರೆ. ಅದೇ ಯಂಗ್ ಅವರಿಗೆ ಬೇಕಿತ್ತು. ಅವರ ಜೊತೆ ಮಾಡಿದ ಮೊದಲ ಆಲ್ಬಮ್ಮಿನ ಮೂರು ಮುಖ್ಯ ಹಾಡನ್ನು 103 ಡಿಗ್ರಿ ಜ್ವರದಲ್ಲಿ ಮಲಗಿದ್ದಾಗ ಒಂದೇ ದಿನ ಬರೆದರಂತೆ. ಅದರಲ್ಲೊಂದು 'ಸಿನಮನ್ ಗರ್ಲ್'. ಅದರ ಗಿಟಾರ್ ಸೋಲೊ ಕೇಳಿ. ಒಂದೇ ಸ್ವರ. ಅದನ್ನೇ ಮತ್ತೆ ಮತ್ತೆ ಮೀಟುತ್ತಾರೆ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ನುಡಿಸಲು ಹೋದರೆ ಆ ತೂಕ ಬರುವುದೇ ಇಲ್ಲ. ಬೆರಳು ಸುಲಭವಾಗಿ ಸಿಗುತ್ತದೆ, ತಡೆದು ಹೊಡೆಯುವ ಆ ಬಲಗೈ ಸಿಗಲು ತಿಂಗಳುಗಟ್ಟಲೆ ಬೇಕು.

ಆ ಹಾಡಿನ ಟ್ಯೂನಿಂಗ್, ಅಂದರೆ ತಂತಿಗಳನ್ನು ಶ್ರುತಿ ಮಾಡುವ ರೀತಿ, ನೀವು ಇವತ್ತೇ ಮಾಡಿ ನೋಡಬಹುದು. ಗಿಟಾರಿನ ದಪ್ಪ ತಂತಿ, ತೆಳು ತಂತಿ ಎರಡೂ ಇ ಸ್ವರಕ್ಕೆ ಇರುತ್ತವೆ ಅಲ್ವಾ? ಎರಡನ್ನೂ ಡಿ ಗೆ ಇಳಿಸಿ. ನಡುವಿನ ಡಿ ತಂತಿ ಹೇಗೂ ಇದೆ. ಈಗ ಮೂರು ತಂತಿ ಒಂದೇ ಸ್ವರ ಹಿಡಿದು ಗುಂಯ್ ಅನ್ನುತ್ತವೆ. ನಮ್ಮ ಕಡೆ ಭಜನೆಗೆ ಕೂತಾಗ ಏಕತಾರಿ ಮೀಟುತ್ತಾರಲ್ಲ, ಆ ನಾದವೇ. ಯಂಗ್ ಇದನ್ನು ಎಷ್ಟೋ ಹಾಡಿಗೆ ಬಳಸಿದ್ದಾರೆ. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆ ನಡೆದಾಗ ಗುಂಡು ಹಾರಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಪತ್ರಿಕೆಯಲ್ಲಿ ಫೋಟೊ ನೋಡಿದ ಯಂಗ್ 'ಒಹಾಯೊ' ಬರೆದರು. ಆಗ ತಾವು ಸೇರಿಕೊಂಡಿದ್ದ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಗುಂಪಿನ ಜೊತೆ ಅದೇ ತಿಂಗಳು ರೆಕಾರ್ಡ್ ಆಗಿ ಜೂನ್‌ನಲ್ಲಿ ಹೊರಗೆ ಬಂತು. ಅದೂ ಈ ಟ್ಯೂನಿಂಗ್‌ನಲ್ಲೇ.

ಆಮೇಲೆ ಬಂತು ಅವರ 'ಮುಳುಗಡೆ ಹಾಡು', ಅಂದರೆ ಎಲ್ಲರೂ ಕೇಳುವ ಹಾಡು. 1971ರಲ್ಲಿ ಬೆನ್ನುನೋವು ಜಾಸ್ತಿಯಾಗಿ ಶಸ್ತ್ರಚಿಕಿತ್ಸೆ ಆಯಿತು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡುವ ಪರಿಸ್ಥಿತಿ, ಭಾರದ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಲು ಆಗುತ್ತಿರಲಿಲ್ಲ. ಹಾಗಾಗಿ ಕೂತು ನುಡಿಸುವ ಅಕೌಸ್ಟಿಕ್, ಕೊರಳಿಗೆ ಕಟ್ಟಿದ ಮೌತ್ ಆರ್ಗನ್. 1972ರಲ್ಲಿ 'ಹಾರ್ವೆಸ್ಟ್' ಆಲ್ಬಮ್ ಬಂದು, ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಯಿತು. ಅದರ 'ಹಾರ್ಟ್ ಆಫ್ ಗೋಲ್ಡ್' ಹಾಡು ನಂಬರ್ ಒನ್. ಅಲ್ಲಿ ಅವರಿಗೆ ಸಿಕ್ಕ ಒಂದೇ ಒಂದು ನಂಬರ್ ಒನ್ ಅದು. ಇ ಮೈನರ್, ಸಿ, ಡಿ, ಜಿ, ಅಷ್ಟೇ. ನಮ್ಮಲ್ಲಿ ಗಿಟಾರ್ ಹಿಡಿದ ಮೂರನೇ ತಿಂಗಳಿಗೆ ಯಾರು ಬೇಕಾದರೂ ನುಡಿಸುತ್ತಾರೆ. ಜಗತ್ತೇ ಮೆಚ್ಚಿದ ಆ ಮೆಲುದನಿಗೆ ಬೆನ್ನುನೋವೂ ಒಂದು ಕಾರಣ ಅನ್ನುವುದು ನನಗೆ ಈಗಲೂ ಮರೆಯದ ವಿಷಯ.

ಇಂಥ ಹೊತ್ತಿನಲ್ಲಿ ಇನ್ನೊಬ್ಬರಾದರೆ ಅದೇ ಬೆಳೆ ಮೂರು ಸಲ ತೆಗೆಯುತ್ತಿದ್ದರು. ಯಂಗ್ ಏನು ಮಾಡಿದರು? 1972ರ ನವೆಂಬರ್. ದೊಡ್ಡ ಪ್ರವಾಸಕ್ಕೆ ತಾಲೀಮು ನಡೀತಿತ್ತು. ಡ್ಯಾನಿ ವಿಟನ್ ಮಾದಕವಸ್ತುವಿನ ಹಿಡಿತದಲ್ಲಿದ್ದರು, ಕಾರ್ಡ್ ನೆನಪಿಟ್ಟುಕೊಳ್ಳಲೂ ಆಗುತ್ತಿರಲಿಲ್ಲ. ಯಂಗ್ ಅವರ ಕೈಗೆ 50 ಡಾಲರ್, ವಿಮಾನದ ಟಿಕೆಟ್ ಕೊಟ್ಟು ಮನೆಗೆ ಕಳಿಸಿದರು. ಅದೇ ರಾತ್ರಿ ವಿಟನ್ ತೀರಿಕೊಂಡರು. ಮರುವರ್ಷ ಬ್ಯಾಂಡಿನ ಸಾಮಾನು ನೋಡಿಕೊಳ್ಳುತ್ತಿದ್ದ ಬ್ರೂಸ್ ಬೆರಿ ಕೂಡ ಹೆರಾಯಿನ್‌ಗೆ ಬಲಿಯಾದರು. ಆ ಎರಡು ಸಾವು ಎದೆಯಲ್ಲಿಟ್ಟುಕೊಂಡು ಸಿಹಿಯಾದ ಹಾಡು ಹೇಗೆ ಬರಬೇಕು, ಹೇಳಿ.

1973ರಲ್ಲಿ ಉಳಿದವರನ್ನು ಕೂಡಿಸಿ, ರಾತ್ರಿಯಿಡೀ ಕುಡಿದು, ಎಲ್ಲರೂ ಒಟ್ಟಿಗೆ ಕೂತು ನುಡಿಸಿ ಮಾಡಿದ ಆಲ್ಬಮ್ 'ಟುನೈಟ್ಸ್ ದ ನೈಟ್'. ಬಿಡುಗಡೆಯಾಗಿದ್ದು 1975ರಲ್ಲಿ. ನನಗೆ ಅದು ಸಿಕ್ಕಿದ್ದು ಕಾಲೇಜಿನಲ್ಲಿದ್ದಾಗ, ಬೆಳಗಾವಿ ಕ್ಯಾಂಪಿನಲ್ಲಿದ್ದ ಗೆಳೆಯನ ಮನೆಯಲ್ಲಿ. ಅವನ ಮಾವ ಗೋವಾದಿಂದ ತಂದ ಕ್ಯಾಸೆಟ್. 'ಹಾರ್ವೆಸ್ಟ್' ಕೇಳಿ ಅದೇ ಗುಂಗಿನಲ್ಲಿ ಇದನ್ನು ಹಾಕಿದೆವು. ಹೊರಗೆ ಜುಲೈ ಮಳೆ. ದನಿ ಮೇಲಕ್ಕೆ ಹೋಗಲು ನೋಡಿ ಮುರಿದು ಬೀಳುತ್ತದೆ, ಪಿಯಾನೊ ತಡವರಿಸುತ್ತದೆ, ಮೈಕಿನಿಂದ ದೂರ ಸರಿದು ಹಾಡಿದಂತಿದೆ. ಟೇಪು ಎಳೆದುಹೋಗಿದೆ ಅಂದುಕೊಂಡು ಪೆನ್ಸಿಲ್ ತೂರಿಸಿ ಸುತ್ತಿದೆವು, ಹತ್ತಿಗೆ ಸ್ಪಿರಿಟ್ ಹಚ್ಚಿ ಪ್ಲೇಯರ್‌ನ ಹೆಡ್ ಒರೆಸಿದೆವು. ಮತ್ತೆ ಹಾಕಿದರೆ ಅದೇ ದನಿ. ಆಮೇಲೆ ಗೆಳೆಯನ ಮಾವ ಬಂದು ಹೇಳಿದರು, "ಟೇಪ್ ಚಲೋನೇ ಐತಿ, ಅವರ ಗೆಳ್ಯಾರು ಸತ್ತಾರ, ಅದಕ್ಕ ಹಂಗ ಹಾಡ್ಯಾರ" ಅಂತ. ಅವತ್ತು ರಾತ್ರಿ ಸೈಕಲ್ ತುಳಿಯುತ್ತಾ ಮನೆಗೆ ಬರುವಾಗ ಹಾಡು ಅಂದರೆ ಏನು ಅನ್ನುವ ನನ್ನ ಅಂದಾಜೇ ಬದಲಾಗಿತ್ತು. ಸಾವಿನ ಮನೆಯಲ್ಲಿ ಹೆಂಗಸರು ಹಾಡಾಡಿಕೊಂಡು ಅಳುವಾಗ ಯಾರೂ ಶ್ರುತಿ ನೋಡುವುದಿಲ್ಲವಲ್ಲ.

ಮುಂದೆ ತಮ್ಮ ಹಾಡುಗಳ ಸಂಗ್ರಹ ಹೊರತಂದಾಗ ಯಂಗ್ ಆ ಕಾಲದ ಬಗ್ಗೆ ಬರೆದ ಮಾತಿನ ಸಾರ ಇಷ್ಟು: 'ಹಾರ್ಟ್ ಆಫ್ ಗೋಲ್ಡ್' ನನ್ನನ್ನು ರಸ್ತೆಯ ನಟ್ಟನಡುವೆ ತಂದು ನಿಲ್ಲಿಸಿತು. ಅಲ್ಲಿ ಹೋಗುತ್ತಾ ಬೇಜಾರಾಯಿತು, ಪಕ್ಕದ ತಗ್ಗಿಗೆ ಇಳಿದೆ. ದಾರಿ ಕೆಟ್ಟದಿತ್ತು, ಆದರೆ ಅಲ್ಲಿ ಸಿಕ್ಕ ಜನ ಹೆಚ್ಚು ಸ್ವಾರಸ್ಯದವರು. ಅದಕ್ಕೇ ಆ ಹೊತ್ತಿನ ಮೂರು ಆಲ್ಬಮ್‌ಗಳಿಗೆ ಅಭಿಮಾನಿಗಳು ತಗ್ಗಿನ ಆಲ್ಬಮ್‌ಗಳು ಅಂತಲೇ ಕರೆಯುತ್ತಾರೆ. ಬಂದ ಹೊಸದರಲ್ಲಿ ಅವು ಜಾಸ್ತಿ ಮಾರಾಟವಾಗಲಿಲ್ಲ. ನನ್ನ ಕೇಳಿದರೆ ಅವರ ಅತ್ಯುತ್ತಮ ಕೆಲಸ ಅಲ್ಲೇ ಇದೆ.

ಇಲ್ಲಿ ನಮ್ಮೂರಿನವರೇ ಒಬ್ಬರು ನೆನಪಾಗುತ್ತಾರೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು. ಹುಡುಗನಿದ್ದಾಗ ದೊಡ್ಡ ಗಾಯಕರ ರೆಕಾರ್ಡುಗಳನ್ನು ಕೇಳಿ ಹಾಗೆ ಹಾಗೇ ಹಾಡಿ ಸಭೆಯನ್ನು ಬೆರಗುಗೊಳಿಸಿದವರು. ಕ್ಷಯ ಬಂದು ಒಂದು ಶ್ವಾಸಕೋಶ ಹೋಯಿತು. ಮಧ್ಯಪ್ರದೇಶದ ದೇವಾಸ್‌ನಲ್ಲಿ ಹಾಸಿಗೆ ಹಿಡಿದು ವರ್ಷಗಟ್ಟಲೆ ಹಾಡಲಿಲ್ಲ, ಕಿಟಕಿಯಾಚೆ ಮಾಳವಾದ ಜನ ಹಾಡುವುದನ್ನು ಕೇಳುತ್ತಾ ಮಲಗಿದ್ದರು. ಎದ್ದು ಬಂದು ಹಾಡಿದಾಗ ಹಳೆಯ ಹುಡುಗ ಇರಲಿಲ್ಲ. ಉಸಿರು ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಚಿಕ್ಕ ಚಿಕ್ಕ ಸ್ವರಗುಚ್ಛ, ಜನಪದದಿಂದ ಎದ್ದ ಹೊಸ ರಾಗ, ಕಬೀರನ ಪದ. ಸಂಪ್ರದಾಯದವರು ಬೇಸರ ಮಾಡಿಕೊಂಡರು. ಅವರ ಸಂಗೀತಕ್ಕೂ ಯಂಗ್ ಸಂಗೀತಕ್ಕೂ ಸಂಬಂಧವೇ ಇಲ್ಲ, ಗೊತ್ತು. ಆದರೆ ಮೈಗೆ ಬಂದ ಕಷ್ಟ ದನಿಯನ್ನು ಹೇಗೆ ತಿರುಗಿಸುತ್ತದೆ ಅನ್ನುವುದಕ್ಕೆ ನನಗೆ ಇವರಿಬ್ಬರೂ ಒಟ್ಟಿಗೇ ನೆನಪಾಗುತ್ತಾರೆ.

1980ರ ದಶಕಕ್ಕೆ ಬರೋಣ, ಏಕೆಂದರೆ ಚಂಚಲ ಅಂತ ಅವರನ್ನು ಬೈದದ್ದು ಆಗಲೇ ಜಾಸ್ತಿ. 1982ರ ಕೊನೆಗೆ 'ಟ್ರಾನ್ಸ್' ಬಂತು. ಹಾಡಿದ್ದು ವೋಕೋಡರ್ ಅನ್ನುವ ಯಂತ್ರದ ಮೂಲಕ. ಮನುಷ್ಯನ ದನಿಯನ್ನು ರೋಬೋ ದನಿ ಮಾಡುತ್ತದೆ ಅದು, ಶಬ್ದ ಸರಿಯಾಗಿ ತಿಳಿಯುವುದೇ ಇಲ್ಲ. ಅಭಿಮಾನಿಗಳಿಗೆ ಸಿಟ್ಟು ಬಂತು. ಕಾರಣ ಅವರು ಆಗ ಹೊರಗೆ ಹೇಳಿರಲಿಲ್ಲ. ಮಗ ಬೆನ್‌ಗೆ ಹುಟ್ಟಿನಿಂದಲೇ ತೀವ್ರ ಸೆರೆಬ್ರಲ್ ಪಾಲ್ಸಿ, ಅಂದರೆ ಕೈಕಾಲು ಹಿಡಿತಕ್ಕೆ ಬಾರದ ಮಿದುಳಿನ ತೊಂದರೆ, ಮಾತು ಬರುತ್ತಿರಲಿಲ್ಲ. ಯಂಗ್ ಮತ್ತು ಹೆಂಡತಿ ಪೆಗಿ ಹಗಲೆಲ್ಲ ಮಗುವಿಗೆ ಅಂಗಸಾಧನೆ ಮಾಡಿಸುತ್ತಾ ಮನೆಯಲ್ಲೇ ಇದ್ದರು. ಮಗು ಹೇಳಲು ನೋಡುತ್ತದೆ, ಕೇಳುವವರಿಗೆ ಅರ್ಥವಾಗುವುದಿಲ್ಲ. ಆ ಆಲ್ಬಮ್ ಕೇಳುವಾಗ ನಮಗೂ ಅದೇ ಆಗುತ್ತದೆ, ಅಪ್ಪ ಬೇಕೆಂದೇ ಹಾಗೆ ಮಾಡಿದ್ದು. ಇದು ಗೊತ್ತಾದ ಮೇಲೆ 'ಟ್ರಾನ್ಸ್‌ಫಾರ್ಮರ್ ಮ್ಯಾನ್' ಹಾಡನ್ನು ಒಮ್ಮೆ ಕೇಳಿ, ನನಗಂತೂ ಕಣ್ಣು ತುಂಬುತ್ತದೆ.

ಮರುವರ್ಷ ಇಪ್ಪತ್ತೈದು ನಿಮಿಷದ, 1950ರ ದಶಕದ ಧಾಟಿಯ ಒಂದು ಆಲ್ಬಮ್. ಅದು ನನಗೆ ಹಿಡಿಸಿಲ್ಲ. ಅವರ ರೆಕಾರ್ಡ್ ಕಂಪನಿ ಗೆಫೆನ್‌ಗೂ ಹಿಡಿಸಲಿಲ್ಲ, ನಿಮ್ಮ ಹಿಂದಿನ ಸಂಗೀತದ ಹಾಗಿಲ್ಲ ಅಂತ 33 ಲಕ್ಷ ಡಾಲರ್‌ಗೆ ದಾವೆ ಹೂಡಿತು. ನೀಲ್ ಯಂಗ್ ನೀಲ್ ಯಂಗ್ ಥರ ಹಾಡುತ್ತಿಲ್ಲ ಅನ್ನುವ ಕೇಸು! ಅವರೂ ತಿರುಗಿ ಕೇಸು ಹಾಕಿದರು. ಕೊನೆಗೆ ರಾಜಿಯಾಯಿತು, ಕಂಪನಿಯ ಮಾಲೀಕರು ಕ್ಷಮೆ ಕೇಳಿದರು. ನಿಮಗೆ "ಅಂಥದ್ದೇ ಇನ್ನೊಂದು ಮಾಡು" ಅನ್ನುವವರು ಪ್ರೀತಿಯಿಂದ ಅನ್ನುತ್ತಿದ್ದಾರೆ, ಯಂಗ್ ಅವರು ಅದೇ ಮಾತನ್ನು ಕೋರ್ಟಿನಲ್ಲಿ ಕೇಳಬೇಕಾಯಿತು.

ಅದೇ ದಶಕದಲ್ಲಿ ಅವರು ಕೈಬಿಡದೆ ಹಿಡಿದ ಎರಡು ಕೆಲಸ ಇವೆ. 1985ರಲ್ಲಿ ಸಾಲದಲ್ಲಿ ಸಿಕ್ಕಿದ ಅಮೆರಿಕದ ಸಣ್ಣ ರೈತರಿಗಾಗಿ ಗಾಯಕರಾದ ವಿಲ್ಲಿ ನೆಲ್ಸನ್, ಜಾನ್ ಮೆಲೆನ್‌ಕ್ಯಾಂಪ್ ಜೊತೆ 'ಫಾರ್ಮ್ ಏಡ್' ಕಛೇರಿ ಶುರು ಮಾಡಿದರು, ಅದು ಇವತ್ತಿಗೂ ನಡೆಯುತ್ತಿದೆ. ಕಬ್ಬಿನ ಬಾಕಿ ಬಿಲ್ಲಿಗೆ ಕಾಯುವ ನಮ್ಮ ಕಡೆಯವರಿಗೆ ಅದರ ಬೆಲೆ ಬೇಗ ಅರ್ಥವಾಗುತ್ತದೆ. ಇನ್ನೊಂದು, ಮಾತು ಬಾರದ ಮಕ್ಕಳಿಗಾಗಿ ಪೆಗಿ ಮುಂದೆ ನಿಂತು ಕಟ್ಟಿದ 'ಬ್ರಿಡ್ಜ್ ಸ್ಕೂಲ್'. ಅದಕ್ಕೆ ಹಣ ಕೂಡಿಸಲು 1986ರಿಂದ 2016ರವರೆಗೆ ಹೆಚ್ಚುಕಡಿಮೆ ಪ್ರತಿ ವರ್ಷ ಹಾಡಿದರು. ಮೂವತ್ತು ವರ್ಷ ಒಂದೇ ಕೆಲಸ ಹಿಡಿದವರನ್ನು ಒಂದರಲ್ಲಿ ನಿಲ್ಲುವುದಿಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ವಾದ್ಯದ ಮಾತು. ಅವರ ಮುಖ್ಯ ಗಿಟಾರ್ 1953ರ ಗಿಬ್ಸನ್ ಲೆಸ್ ಪಾಲ್, ಬಂಗಾರದ ಬಣ್ಣದ ಮೇಲೆ ಯಾರೋ ಕಪ್ಪು ಬಳಿದಿದ್ದಾರೆ. ಹೆಸರು 'ಓಲ್ಡ್ ಬ್ಲ್ಯಾಕ್'. 1960ರ ದಶಕದ ಕೊನೆಗೆ ಸಿಕ್ಕ ಆ ಗಿಟಾರ್ ಬಿಟ್ಟಿಲ್ಲ. ಆಂಪ್ (ಆಂಪ್ಲಿಫೈಯರ್) 1959ರ ಸಣ್ಣ ಫೆಂಡರ್ ಡೀಲಕ್ಸ್, 50 ಡಾಲರ್‌ಗೆ ಕೊಂಡಿದ್ದು, ಅದೂ ಬಿಟ್ಟಿಲ್ಲ. ನನಗೆ ತುಂಬಾ ಇಷ್ಟವಾದ ವಿಷಯ ಅಂದರೆ, ಆ ಆಂಪ್ ಒಳಗೆ ಕೈ ಹಾಕಿ ಏನಾದರೂ ಬದಲಾಯಿಸಿದರೆ ದನಿ ಕೆಟ್ಟೀತು ಅಂತ ಅದರ ತಲೆ ಮೇಲೆ ಒಂದು ಪೆಟ್ಟಿಗೆ ಕೂರಿಸಿದ್ದಾರೆ. ಕಾಲಲ್ಲಿ ಗುಂಡಿ ಒತ್ತಿದರೆ ಆ ಪೆಟ್ಟಿಗೆಯ ಮೋಟಾರು ಆಂಪಿನ ವಾಲ್ಯೂಮ್ ತಿರುಪನ್ನು ಕೈಯಿಂದ ತಿರುಗಿಸಿದಂತೆ ತಿರುಗಿಸುತ್ತದೆ. ನಿರ್ಮಾಪಕ ಡೇವಿಡ್ ಬ್ರಿಗ್ಸ್ ಜೊತೆ 1968ರಿಂದ, ಬ್ರಿಗ್ಸ್ 1995ರಲ್ಲಿ ತೀರಿಕೊಳ್ಳುವವರೆಗೆ ನಂಟು. ವ್ಯವಹಾರ ನೋಡಿಕೊಂಡ ಎಲಿಯಟ್ ರಾಬರ್ಟ್ಸ್ ಜೊತೆ ಐವತ್ತು ವರ್ಷದ ನಂಟು. ಟಾಲ್ಬಟ್, ಮೊಲಿನಾ ಇಬ್ಬರೂ ಎಂಬತ್ತರ ಹತ್ತಿರ ಬಂದಾಗಲೂ ಪಕ್ಕದಲ್ಲಿ ನುಡಿಸುತ್ತಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1989ರ 'ಫ್ರೀಡಮ್'ನಿಂದ ಕೇಳುಗರು ಮರಳಿ ಬಂದರು. 1992ರಲ್ಲಿ 'ಹಾರ್ವೆಸ್ಟ್ ಮೂನ್', ಅಂದರೆ ಇಪ್ಪತ್ತು ವರ್ಷ ಬಿಟ್ಟು ಆ ಮೆಲುದನಿಗೆ ತಾವಾಗಿ ವಾಪಸ್ ಬಂದರು. 1995ರಲ್ಲಿ ತಮಗಿಂತ ಎಷ್ಟೋ ಚಿಕ್ಕವರಾದ ಪರ್ಲ್ ಜ್ಯಾಮ್ ಅನ್ನುವ ರಾಕ್ ಬ್ಯಾಂಡಿನ ಹುಡುಗರ ಜೊತೆ ಗುಡುಗಿದರು. 2005ರಲ್ಲಿ ಮಿದುಳಿನ ರಕ್ತನಾಳ ಊದಿಕೊಂಡಿದೆ ಅಂತ ಗೊತ್ತಾದಾಗ ಆಪರೇಷನ್‌ಗೆ ಮುಂಚಿನ ದಿನಗಳಲ್ಲಿ ನ್ಯಾಶ್‌ವಿಲ್‌ಗೆ ಹೋಗಿ 'ಪ್ರೇರಿ ವಿಂಡ್' ಹಾಡುಗಳನ್ನು ರೆಕಾರ್ಡ್ ಮಾಡುತ್ತಾ ಕೂತರು. 1975ರಲ್ಲಿ ಮಾಡಿ ಮೂಲೆಗಿಟ್ಟಿದ್ದ 'ಹೋಮ್‌ಗ್ರೋನ್' ಆಲ್ಬಮ್ಮನ್ನು 2020ರಲ್ಲಿ ಹೊರಬಿಟ್ಟರು. 45 ವರ್ಷ!

ಉಳಿಸಿತೋ ಕೆಡಿಸಿತೋ ಅಂದಿರಿ. ಹಾಡಿಗೆ ಉಳಿಸಿತು. ಸ್ಟಿಲ್ಸ್‌ನಂಥ ಗೆಳೆಯರಿಗೆ ನೋವು ಕೊಟ್ಟಿತು. ನಿಮ್ಮ ವಿಷಯದಲ್ಲಿ ನಾನು ಕೇಳುವುದು ಒಂದೇ: ಜೋರಾಗಿ ನುಡಿಸಬೇಕು ಅನ್ನಿಸುತ್ತಿರುವುದು ಸುಮ್ನೆ ಬೇಜಾರಿಗಾ, ಇಲ್ಲ ಆ ದನಿಯಲ್ಲಿ ಮಾತ್ರ ಹೇಳಬಹುದಾದದ್ದು ಏನಾದರೂ ಇದೆಯಾ?

ಗೊತ್ತಾಗದಿದ್ದರೆ ಹೀಗೆ ಮಾಡಿ. ಯಂಗ್ ಅವರ 1979ರ 'ರಸ್ಟ್ ನೆವರ್ ಸ್ಲೀಪ್ಸ್' ಪೂರ್ತಿ ಕೇಳಿ. ಮೊದಲ ಅರ್ಧ ಅಕೌಸ್ಟಿಕ್, ಎರಡನೇ ಅರ್ಧ ಎಲೆಕ್ಟ್ರಿಕ್. ಶುರುವಾಗುವುದೂ ಮುಗಿಯುವುದೂ ಹೆಚ್ಚುಕಡಿಮೆ ಒಂದೇ ಹಾಡಿನಿಂದ. ಮೊದಲು ಒಬ್ಬರೇ ಕೂತು ಮೆಲ್ಲಗೆ, ಕೊನೆಗೆ ಕ್ರೇಜಿ ಹಾರ್ಸ್ ಜೊತೆ ಗೋಡೆ ನಡುಗುವಂತೆ. ಆಮೇಲೆ ನಿಮ್ಮ ಅಜ್ಜಿ ಮನೆ ಹಾಡನ್ನೇ ತೆಗೆದುಕೊಳ್ಳಿ. ಎರಡು ಇ ತಂತಿ ಡಿ ಗೆ ಇಳಿಸಿ, ಆಂಪ್ ದನಿ ಒಡೆಯುವಷ್ಟು ಏರಿಸಿ, ವೇಗ ಅರ್ಧ ಮಾಡಿ ನುಡಿಸಿ. ಮನೆ ಕಳೆದುಕೊಂಡ ದುಃಖ ಮೊದಲೇ ಹಾಡಿದ್ದೀರಿ. ನೀರು ಏರಿ ಬರುವ ಸದ್ದು ಇನ್ನೂ ಆ ಹಾಡಿನಲ್ಲಿ ಬಂದಿಲ್ಲ ಅನ್ನಿಸುತ್ತದೆ ನನಗೆ. ಫೋನಿನಲ್ಲೇ ರೆಕಾರ್ಡ್ ಮಾಡಿ ಮೊದಲು ಅಪ್ಪನಿಗೆ ಕೇಳಿಸಿ, ಆ ಮನೆಯಲ್ಲಿ ಬೆಳೆದವರು ಅವರು ತಾನೇ. ನನಗೂ ಒಂದು ಕಳಿಸಿ.